ಬೆಳಗಾವಿಯಲ್ಲಿ ನೆಲೆಸುವ ಮುನ್ನ: ಇಲ್ಲಿರುವವರ ಅನುಭವ

ಕೇಳಿದವರು, ಬೆಂಗಳೂರಿನಿಂದ:

ನನ್ನ ಪತಿಗೆ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಕೆಲಸ ದೊರೆತಿದೆ. ನಾನು ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದೇನೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಗೋಕಾಕದಲ್ಲಿ ಒಬ್ಬರೇ ಇರುವ ಅತ್ತೆಯವರನ್ನೂ ಕರೆತರಬೇಕೆಂದಿದ್ದೇವೆ. ಬೆಳೆಯುತ್ತಿರುವ ಈ ಊರಿನ ಒಳಿತು-ಕೆಡುಕುಗಳನ್ನೂ ಮನೆಯನ್ನು ಎಲ್ಲಿ ನೋಡಬೇಕೆಂಬುದನ್ನೂ ಅಲ್ಲಿರುವವರು ದಯವಿಟ್ಟು ತಿಳಿಸಿ.

ಟಿಳಕವಾಡಿಯಿಂದ:

ಅಕ್ಕಾವರೇ, ನಾವೂ ಹನ್ನೊಂದು ವರ್ಷಗಳ ಹಿಂದೆ ಬೆಂಗಳೂರಿನಿಂದ ಬಂದವರು. ಅಲ್ಲಿ ದಿನಕ್ಕೆ ಮೂರು ತಾಸು ಬಸ್ಸಿನಲ್ಲಿಯೇ ಕಳೆಯುತ್ತಿದ್ದ ನಾನು ಇಲ್ಲಿ ಮಧ್ಯಾಹ್ನ ಮನೆಗೆ ಬಂದು, ಊಟ ಮಾಡಿ, ಮಕ್ಕಳ ಮುಖ ನೋಡಿ ಮತ್ತೆ ಕಾರ್ಖಾನೆಗೆ ಹೋಗುತ್ತೇನೆ. ಈ ಊರು ನನಗೆ ಕೊಟ್ಟದ್ದರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಆದರೆ ಊರು ಚಿಕ್ಕದು, ಎಲ್ಲಿದ್ದರೂ ನಡೆಯುತ್ತದೆ ಎಂದುಕೊಂಡು ಮನೆ ಹಿಡಿಯಬೇಡಿ. ರೈಲು ಹಳಿ ಊರನ್ನು ಸೀಳಿಕೊಂಡು ಹೋಗುತ್ತದೆ. ಟಿಳಕವಾಡಿಯಲ್ಲಿ ವಿಳಾಸ ಹೇಳುವುದೇ ಮೊದಲ ಗೇಟು, ಎರಡನೇ ಗೇಟು, ಮೂರನೇ ಗೇಟು ಎಂದು. ಬಂದ ಹೊಸದರಲ್ಲಿ ನಮ್ಮ ಮನೆ ಹಳಿಯ ಒಂದು ಬದಿಗೆ, ಮಕ್ಕಳ ಶಾಲೆ ಇನ್ನೊಂದು ಬದಿಗೆ ಇದ್ದುದರಿಂದ, ಎರಡು ಕಿಲೋಮೀಟರ್ ದೂರದ ಶಾಲೆಗೆ ವಾರದಲ್ಲಿ ಎರಡು ದಿನವಾದರೂ ತಡವಾಗುತ್ತಿತ್ತು. ಮರುವರ್ಷ ಮನೆ ಬದಲಿಸಿದೆವು.

ಉದ್ಯೋಗದ ಮಾತು ಬೇರೆ. ಫೌಂಡ್ರಿ, ಮಶಿನಿಂಗ್, ಹೈಡ್ರಾಲಿಕ್ ಕೆಲಸ ಬಲ್ಲವರಿಗೆ ಉದ್ಯಮಬಾಗದಲ್ಲಿ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ನಿಮ್ಮ ಕ್ಷೇತ್ರದಲ್ಲಿ ಹಾಗಿಲ್ಲ. ಮನೆಯಿಂದಲೇ ಕೆಲಸ ಮಾಡಲು ಈಗಿನ ಕಂಪನಿಯವರು ಒಪ್ಪುತ್ತಾರೆಯೇ ಎಂಬುದನ್ನು ಬರೆಹದಲ್ಲಿ ಪಡೆದ ಮೇಲೆಯೇ ಹೊರಡಿ. ನನ್ನ ಹೆಂಡತಿ ಹಾಗೆ ಮಾಡದೆ ಮೂರು ವರ್ಷ ಮನೆಯಲ್ಲಿ ಕುಳಿತಳು. ಆ ನೋವು ನಮ್ಮಿಬ್ಬರಿಗೂ ಇನ್ನೂ ಇದೆ. 2025ರ ಆಗಸ್ಟ್‌ನಿಂದ ಬೆಂಗಳೂರಿಗೆ ವಂದೇ ಭಾರತ್ ರೈಲು ಓಡುತ್ತಿರುವುದರಿಂದ ತಿಂಗಳಿಗೊಮ್ಮೆ ಕಚೇರಿಗೆ ಹೋಗಿಬರುವವರಿಗೆ ಈಗ ತುಸು ಅನುಕೂಲವಾಗಿದೆ.

ಖಾಸಬಾಗದಿಂದ:

ನಾವು ನೇಕಾರ ಮನೆತನದವರು, ಇಲ್ಲಿಯೇ ಹುಟ್ಟಿ ಬೆಳೆದವರು. ನೀರಿನ ವಿಷಯವನ್ನು ಯಾರೂ ಹೇಳದಿದ್ದುದರಿಂದ ಬರೆಯುತ್ತಿದ್ದೇನೆ. ಊರಿಗೆ ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯದಿಂದಲೂ ಘಟಪ್ರಭೆಯ ಹಿಡಕಲ್ ಅಣೆಕಟ್ಟಿನಿಂದಲೂ ನೀರು ಬರುತ್ತದೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಗಳೊಂದಿಗೆ ಬೆಳಗಾವಿಯ ಕೆಲವು ವಾರ್ಡುಗಳಿಗೂ ದಿನದ ಇಪ್ಪತ್ತನಾಲ್ಕು ತಾಸು ನೀರು ಕೊಡುವ ಪ್ರಯೋಗ ಆರಂಭವಾಯಿತು. ಆ ವಾರ್ಡಿನ ಸೊಸೆ ನಲ್ಲಿ ತಿರುಗಿಸಿದರೆ ನೀರು. ನಾಲ್ಕು ಓಣಿ ಆಚೆಗಿನ ನಮ್ಮ ಮನೆಯಲ್ಲಿ ನಾನು ಸರದಿಯ ದಿನ ಬೆಳಗಿನ ಜಾವ ಎದ್ದು ಬ್ಯಾರಲ್ ತುಂಬಿಸುತ್ತಾ ವರ್ಷಗಳನ್ನು ಕಳೆದೆ. ಆದ್ದರಿಂದ ಬಾಡಿಗೆಗೆ ಮನೆ ನೋಡುವಾಗ ಮಾಲೀಕರನ್ನಲ್ಲ, ಪಕ್ಕದ ಮನೆಯ ಹೆಣ್ಣುಮಕ್ಕಳನ್ನು "ನೀರು ಎಷ್ಟು ದಿನಕ್ಕೊಮ್ಮೆ ಬರ್ತಾವ್ರಿ?" ಎಂದು ಕೇಳಿ.

ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಹಾಪುರ, ವಡಗಾವಿ ಕಡೆಯ ಭತ್ತದ ಗದ್ದೆಗಳ ನಡುವೆ ಬಳ್ಳಾರಿ ನಾಲಾ ಹರಿಯುತ್ತದೆ. ಬೆಳಗಾವಿ ಬಾಸುಮತಿ ಎಂಬ ಘಮಘಮಿಸುವ ಅಕ್ಕಿ ಬೆಳೆಯುತ್ತಿದ್ದ ಆ ನೆಲದ ಅಂಚಿಗೆ ಮನೆಗಳು ಏಳುತ್ತಾ ಬಂದಂತೆ ನೀರು ಇಂಗುವ ಜಾಗ ಕಡಿಮೆಯಾಯಿತು. 2019ರ ಆಗಸ್ಟ್‌ನಲ್ಲಿ ನಮ್ಮ ಬಂಧುಗಳ ಮನೆಯೊಳಗೆ ಮೊಣಕಾಲುಮಟ್ಟ ನೀರು ನಿಂತು ಎರಡು ಮಗ್ಗಗಳು ಹಾಳಾದವು. ನಮ್ಮ ಓಣಿಗಳಲ್ಲಿ ಬಾಡಿಗೆ ಕಡಿಮೆ, ನೆರೆಯವರು ಒಳ್ಳೆಯವರು. ಆದರೆ ಪವರ್‌ಲೂಮಿನ ಸದ್ದು ನಮಗೆ ಜೋಗುಳವಾದರೂ ವಯಸ್ಸಾದ ನಿಮ್ಮ ಅತ್ತೆಯವರಿಗೆ ನಿದ್ದೆಗೆಡಿಸಬಹುದು.

ಕಣಬರ್ಗಿ ಕಡೆಯಿಂದ:

ಬಂದ ಕೂಡಲೇ ಜಾಗ ಕೊಳ್ಳಬೇಡಿ. ಊರು ಹೊರಗೆ ಬೆಳೆಯುತ್ತಿದೆ, ನಾಳೆ ಬೆಲೆ ಏರುತ್ತದೆ ಎಂಬ ಮಾತು ಕೇಳಿ ನಾನು ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗದ ಹೊಲದಲ್ಲಿ ಒಂದು ಪ್ಲಾಟನ್ನು ನೋಂದಣಿ ಇಲ್ಲದೆ ಬರೀ ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡೆ. ಹಾಗೆ ಕೊಂಡ ಜಾಗ ನನ್ನ ಹೆಸರಿಗೆ ಆಗಲಿಲ್ಲ, ಬ್ಯಾಂಕಿನ ಸಾಲ ಸಿಗಲಿಲ್ಲ, ಗಟಾರವೂ ಬರಲಿಲ್ಲ. ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಒಪ್ಪಿಗೆ ಪಡೆದ ಬಡಾವಣೆಯಲ್ಲಿ ಬೆಲೆ ಹೆಚ್ಚೆಂದು ಹಿಂಜರಿದದ್ದು ನನ್ನ ದೊಡ್ಡ ತಪ್ಪು. ಎರಡು ವರ್ಷವಾದರೂ ಬಾಡಿಗೆಗೆ ಇದ್ದು ಊರನ್ನು ತಿಳಿದುಕೊಳ್ಳಿ.

ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಅತ್ತೆಯವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಅವರಿಗೆ ಒಂಟಿತನ ಕಾಡುವುದೇ?

ಖಾಸಬಾಗದಿಂದ:

ಇಲ್ಲವೇ ಇಲ್ಲ ತಂಗಿ. ನಮ್ಮ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು ಒಬ್ಬರಿಗೆ ಕನ್ನಡದಲ್ಲಿ, ಇನ್ನೊಬ್ಬರಿಗೆ ಮರಾಠಿಯಲ್ಲಿ, ಮೂರನೆಯವರಿಗೆ ಉರ್ದುವಿನಲ್ಲಿ ದರ ಹೇಳುತ್ತಾಳೆ. ಗಡಿಯ ಮಾತು ಎದ್ದ ದಿನಗಳಲ್ಲಿ ಬಸ್ಸು ನಿಲ್ಲುವುದುಂಟು. ಓಣಿಯೊಳಗಿನ ಬಾಳು ಅದರಿಂದ ಕೆಡುವುದನ್ನು ನಾನು ಕಂಡಿಲ್ಲ. ಗೋಕಾಕ ಸೀಮೆಯ ಜನ ಇಲ್ಲಿ ಬೇಕಾದಷ್ಟಿದ್ದಾರೆ, ಊರ ನೆನಪಾದರೆ ಬೆಳಿಗ್ಗೆ ಹೋಗಿ ಸಂಜೆಗೆ ತಿರುಗಿ ಬರಬಹುದು. ಅತ್ತೆಯವರಿಗಾಗಿ ನೆಲಮಹಡಿಯ ಮನೆಯನ್ನೇ ಹುಡುಕಿ. ಅದನ್ನು ನೋಡಲು ಮಾತ್ರ ಜನವರಿಯಲ್ಲಿ ಬರಬೇಡಿ, ಆಗ ಇಲ್ಲಿನ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ಜುಲೈಯಲ್ಲಿ, ನಾಲ್ಕು ದಿನ ಬಿಡದೆ ಮಳೆ ಸುರಿದ ಮೇಲೆ ಬಂದು ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ.