ಬೆಟ್ಟದ ಮೇಲಿಂದ ಮರುಭೂಮಿಗೆ ಒಂದೇ ದಿನದಲ್ಲಿ ಇಳಿಯಬೇಕು, ಜೋಗಿಮಟ್ಟಿ ಅಭ್ಯಾಸ ಸಾಕಾ?

ದುರ್ಗದ ಹೈದ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಮಾವನ ಮಗನ ಜೊತೆ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಲ್ಲಿ ಸ್ವಲ್ಪ ದೂರ ನಡೆಯುವ ಪ್ಲ್ಯಾನ್ ಇದೆ. ಪೂರ್ತಿ ಅಲ್ಲ ಮತ್ತೆ! ಅದು ಮೆಕ್ಸಿಕೊ ಗಡಿಯಿಂದ ಕೆನಡಾವರೆಗೆ 4,265 ಕಿ.ಮೀ., ಅಷ್ಟು ದಿನ ಅಂಗಡಿ ಬಿಟ್ಟು ಹೋದರೆ ನಮ್ಮಪ್ಪ ವಾಪಸ್ ಸೇರಿಸುವುದಿಲ್ಲ. ಸ್ಯಾನ್ ಜಸಿಂಟೊ ಬೆಟ್ಟದ ಮೇಲೆ ಫುಲ್ಲರ್ ರಿಡ್ಜ್ ಹತ್ತಿರ ರಾತ್ರಿ ಟೆಂಟ್, ಬೆಳಗ್ಗೆ ಎದ್ದು ಸಂಜೆಯೊಳಗೆ ಕೆಳಗಿನ ಮರುಭೂಮಿಗೆ ಇಳಿಯುವುದು ಅಂತ ಅವನು ಹೇಳುತ್ತಾನೆ. ಆ ಒಂದು ದಿನದ್ದೇ ನನಗೆ ಯೋಚನೆ. ಭಾನುವಾರ ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟ ಹತ್ತುವ ಅಭ್ಯಾಸ ಇದೆ, ಬಿಸಿಲು ನಮಗೆ ಹೊಸದಲ್ಲ. ನೀರು ಎಷ್ಟು ಹೊರಬೇಕು, ತಿನ್ನಲು ಏನು ಒಯ್ಯಬೇಕು, ಕಾಲು ತಡೆಯುತ್ತಾ? ನಡೆದವರು ಯಾರಾದರೂ ಇದ್ದರೆ ಹೇಳಿ.

ಮಂಡಕ್ಕಿ ಮಿರ್ಚಿ

ನಾನು ದಾವಣಗೆರೆಯವನು, ಈಗ ಇರುವುದು ಲಾಸ್ ಏಂಜಲೀಸ್ ಕಡೆ. ಆ ಇಳಿಜಾರು ನಡೆದಿದ್ದೇನೆ. ಲೆಕ್ಕ ಹೇಳುತ್ತೇನೆ ಕೇಳಿ. ದುರ್ಗದ ಪೇಟೆಯಿಂದ ಜೋಗಿಮಟ್ಟಿ ತುದಿಗೆ ಎತ್ತರದ ವ್ಯತ್ಯಾಸ ಹೆಚ್ಚೂ ಕಡಿಮೆ 600 ಮೀಟರ್. ಇಲ್ಲಿ ಸುಮಾರು 25 ಕಿ.ಮೀ.ನಲ್ಲಿ 1,800 ಮೀಟರ್ ಇಳಿಯಬೇಕು. ಅಂದರೆ ಜೋಗಿಮಟ್ಟಿಯನ್ನು ಒಂದರ ಹಿಂದೆ ಒಂದು ಮೂರು ಸಲ ಇಳಿದಷ್ಟು, ಮಧ್ಯೆ ಹತ್ತುವುದೇ ಇಲ್ಲದೆ.

ಆದರೆ ದಾರಿ ಕಡಿದಾಗಿಲ್ಲ. ಕುದುರೆಗಳೂ ಹೋಗುವ ದಾರಿ ಅದು, ಅದಕ್ಕೆ ಸುತ್ತಿ ಸುತ್ತಿ ಇಳಿಯುತ್ತೆ. ತಲೆ ಕೆಡಿಸುವುದೂ ಅದೇ. ಬೆಳಗ್ಗೆಯೇ ಕೆಳಗೆ ಹೆದ್ದಾರಿ ಕಾಣುತ್ತೆ, ಗಾಳಿಯಂತ್ರಗಳು ಕಾಣುತ್ತವೆ (ನಮ್ಮ ದುರ್ಗದ ಗುಡ್ಡದ ಮೇಲೆ ಇದ್ದಂಥವೇ, ನೋಡಿದರೆ ಊರು ನೆನಪಾಗುತ್ತೆ), ಮಧ್ಯಾಹ್ನ ಆದರೂ ಅಷ್ಟೇ ದೂರದಲ್ಲಿ ಇರುತ್ತವೆ. ಮೇಲೆ ಪೈನ್ ಮರ, ಸ್ವೆಟರ್ ಹಾಕಿಕೊಂಡು ಹೊರಡುತ್ತೀರಿ. ಸ್ವಲ್ಪ ಇಳಿದ ಮೇಲೆ ಮಂಜನೀಟಾ ಅಂತ ಪೊದೆ, ತೊಗಟೆ ಕೆಂಪಗೆ ನುಣ್ಣಗೆ ಇರುತ್ತೆ, ಬಿಸಿಲಲ್ಲೂ ಮುಟ್ಟಿದರೆ ತಣ್ಣಗೆ. ಆಮೇಲೆ ಅದೂ ಇಲ್ಲ. ಕಳ್ಳಿ, ಕಲ್ಲು, ಸೊಂಟದ ಎತ್ತರದ ಕುರುಚಲು, ಅಷ್ಟೇ. ಸಮುದ್ರದ ಕಡೆಯ ಮಳೆಯನ್ನು ಆ ಬೆಟ್ಟವೇ ತಡೆದು ಇಟ್ಟುಕೊಳ್ಳುತ್ತೆ, ಆಚೆ ಬದಿ ಒಣಗುತ್ತೆ. ಮಲೆನಾಡು ಪೂರ್ತಿ ಮಳೆ ಹೀರಿಕೊಂಡು ನಮ್ಮ ಚಳ್ಳಕೆರೆ, ಹಿರಿಯೂರಿಗೆ ಮೋಡ ಮಾತ್ರ ಕಳಿಸುವುದೂ ಇದೇ ಲೆಕ್ಕ ಅಲ್ವಾ.

ನೀರು: ಮಧ್ಯೆ ಎಲ್ಲೂ ಇಲ್ಲ ಅಂದುಕೊಂಡೇ ಹೊರಡಿ. ಕೆಳಗೆ ಸ್ನೋ ಕ್ರೀಕ್ ಹತ್ತಿರ ಒಂದು ನಲ್ಲಿ ಇದೆ, ಅಲ್ಲಿವರೆಗೆ ತಲೆಗೆ ಐದಾರು ಲೀಟರ್. ಅಷ್ಟೇ ಕೆ.ಜಿ. ಭಾರವೂ ಹೌದು. ಐದು ಗಂಟೆಗೇ ನಡೆಯಲು ಶುರು ಮಾಡಿ, ಬಿಸಿಲು ನೆತ್ತಿಗೆ ಬಂದಾಗ ಯಾವುದಾದರೂ ಬಂಡೆ ನೆರಳಲ್ಲಿ ಶೂ, ಸಾಕ್ಸ್ ಬಿಚ್ಚಿ ಮಲಗಿ. ಬೆಳ್ಳಿ ಬಣ್ಣದ ಕೊಡೆ ಹಿಡಿದು ನಡೆಯುವವರನ್ನು ನೋಡಿ ನಗಬೇಡಿ, ನೀವೂ ಒಂದು ತಗೊಳ್ಳಿ. ಶೂ ಒಂದು ಸೈಜ್ ದೊಡ್ಡದೇ ಇರಲಿ, ಬಿಸಿಲಿಗೆ ಪಾದ ಊದುತ್ತೆ.

ಹಾಂ, ಸ್ಯಾನ್ ಜಸಿಂಟೊ ಕಾಡಿಗೆ ಪರ್ಮಿಟ್ ಬೇಕು, ಗ್ಯಾಸ್ ಒಲೆ ಹಚ್ಚಲೂ ಬೇರೆ ಪರ್ಮಿಟ್ ಇದೆ. ನಿಮ್ಮ ಮಾವನ ಮಗ ಮಾಡಿಸಿದ್ದಾನಾ ಕೇಳಿ.

ಬಿಸಿಲುಕುದುರೆ

ಬಿಸಿಲಲ್ಲಿ ಕಲ್ಲು ಗುಡ್ಡ ಇಳಿಯೋದಕ್ಕೆ ಅಮೆರಿಕಕ್ಕೆ ಯಾಕೆ ಹೋಗಬೇಕು ಗುರು, ಮೊಳಕಾಲ್ಮೂರು ಕಡೆ ಏಪ್ರಿಲ್‌ನಲ್ಲಿ ಬಾ, ಪರ್ಮಿಟ್ ಬೇಡ, ವೀಸಾ ಬೇಡ, ಸಂಜೆ ಮನೆಗೆ ಬಸ್ಸೂ ಇದೆ.

ಚಂದ್ರವಳ್ಳಿ

ಬಿಸಿಲುಕುದುರೆ ಅಣ್ಣ ಹೇಳಿದ್ದು ತಮಾಷೆ ಆದರೂ ಅಭ್ಯಾಸಕ್ಕೆ ಸರಿಯಾಗಿದೆ. ನಾನು ಫಿಸಿಯೋಥೆರಪಿಸ್ಟ್. ಹತ್ತುವಾಗ ಉಸಿರು ಕಟ್ಟುತ್ತೆ, ಇಳಿಯುವಾಗ ತೊಡೆ ಪೆಟ್ಟು ತಿನ್ನುತ್ತೆ. ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂದಿನ ಸ್ನಾಯು ಭಾರ ಹೊತ್ತುಕೊಂಡೇ ಉದ್ದ ಆಗುತ್ತೆ, ಸಣ್ಣಸಣ್ಣದಾಗಿ ಹರಿಯುತ್ತೆ. ಅವತ್ತು ಏನೂ ಗೊತ್ತಾಗುವುದಿಲ್ಲ, ಮಾರನೇ ದಿನ, ಅದರ ಮರುದಿನ ಕೂತರೆ ಏಳಲು ಆಗುವುದಿಲ್ಲ. ಒಳ್ಳೆಯ ವಿಷಯ ಏನೆಂದರೆ ಒಂದು ಸಲ ಹಾಗೆ ನೋವಾದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಹಾಗಾಗಿ ಹೊರಡುವ ಮುಂಚಿನ ವಾರಗಳಲ್ಲಿ ಬ್ಯಾಗಿನಲ್ಲಿ ನೀರಿನ ಬಾಟಲಿ ತುಂಬಿಕೊಂಡು ಇಳಿಯುವುದನ್ನೇ ಅಭ್ಯಾಸ ಮಾಡಿ, ಕೋಟೆ ಮೆಟ್ಟಿಲಾದರೂ ಸಾಕು. ಎರಡೂ ಕೈಗೆ ಕೋಲು ಇರಲಿ. ಜೋಗಿಮಟ್ಟಿಗೆ ಮಾತ್ರ ನಸುಕಿನಲ್ಲಿ ಒಬ್ಬರೇ ಹೋಗಬೇಡಿ, ಕರಡಿ ಇವೆ.

ಇನ್ನೊಂದು ಮಾತು. ಸುಮ್ನೆ ಬರೀ ನೀರು ಜಾಸ್ತಿ ಕುಡಿಯಬೇಡಿ. ಬೆವರಲ್ಲಿ ಉಪ್ಪು ಹೋಗಿರುತ್ತೆ, ಮೇಲೆ ನೀರಷ್ಟೇ ಸುರಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗಲಿಬಿಲಿ ಶುರುವಾಗುತ್ತೆ. ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಮರೆತರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟವಾಗಿ, ರಾಶಿ ಹಾಕಿ ಅಲ್ಲ.

ದುರ್ಗದ ಹೈದ

ಅಕ್ಕ, ಅಣ್ಣ, ತುಂಬಾ ಥ್ಯಾಂಕ್ಸ್. ಮೂರು ಜೋಗಿಮಟ್ಟಿ ಅಂದಾಗ ಎದೆ ಧಸಕ್ ಅಂತು. ತಿಂಡಿ? ಅಮ್ಮ ಒಂದು ಚೀಲ ಖಾರಮಂಡಕ್ಕಿ ಕಟ್ಟುತ್ತೇನೆ ಅಂತಿದ್ದಾಳೆ.

ಮಂಡಕ್ಕಿ ಮಿರ್ಚಿ

ನನ್ನ ಹೆಸರು ನೋಡಿಯೂ ಹೇಳುತ್ತೇನೆ, ಮಂಡಕ್ಕಿ ಬೇಡ. ತೂಕ ಇಲ್ಲ ನಿಜ, ಆದರೆ ಬ್ಯಾಗ್ ತುಂಬಾ ಗಾಳಿ ಹೊತ್ತು ಹೋದಂತೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಉಂಡೆ ಇಟ್ಟುಕೊಳ್ಳಿ. ಶೇಂಗಾ 100 ಗ್ರಾಮಿಗೆ 560 ಕ್ಯಾಲೊರಿ ಮೇಲೆ ಕೊಡುತ್ತೆ, ಒಲೆ ಬೇಡ, ಬಿಸಿಲಿಗೆ ಕೆಡುವುದಿಲ್ಲ. ರೊಟ್ಟಿ ಮುರಿದು ಚೂರಾದರೆ ಆಗಲಿ, ಚಟ್ನಿಪುಡಿ ಕಲಸಿ ಮುಕ್ಕಿ.

ನಲ್ಲಿ ಸಿಕ್ಕಿತು ಅಂತ ದಿನ ಮುಗಿಯಿತು ಅಂದುಕೊಳ್ಳಬೇಡಿ. ಅಲ್ಲಿಂದ ಹೆದ್ದಾರಿ ಸೇತುವೆವರೆಗೆ ಇನ್ನೂ ಆರು ಕಿ.ಮೀ. ಮರಳು, ಎದುರು ಗಾಳಿ ಬೇರೆ. ಅಷ್ಟೊಂದು ಗಾಳಿಯಂತ್ರ ಅಲ್ಲಿ ಸುಮ್ನೆ ನಿಲ್ಲಿಸಿಲ್ಲ. ಕತ್ತಲಾದರೆ ಬಯಲಲ್ಲಿ ಟೆಂಟ್ ಹಾಕಲು ಹೋಗಬೇಡಿ, ಬಂಡೆ ಮರೆ ಹುಡುಕಿ, ಗೂಟದ ಮೇಲೆ ದಪ್ಪ ಕಲ್ಲು ಹೇರಿ. ಮಾವನ ಮಗನಿಗೆ ಕಾರು ಇದ್ದರೆ ಸೇತುವೆ ಹತ್ತಿರ ಯಾರಾದರೂ ಬಂದು ಕರೆದುಕೊಂಡು ಹೋಗುವ ಹಾಗೆ ಮಾಡಿಕೊಳ್ಳಿ.