ಬಾಂಡ್ ಮತ್ತೆ ಮೊದಲಿನಿಂದ ಆರಂಭವಾಗಬೇಕೇ?

ಹಿಂದಿನಸಾಲು (ಪ್ರಶ್ನೆ):

ಡೇನಿಯಲ್ ಕ್ರೇಗ್ ಅಭಿನಯಿಸಿದ, ಬ್ರಿಟಿಷ್ ಗೂಢಚಾರ ಜೇಮ್ಸ್ ಬಾಂಡನ ಐದು ಚಿತ್ರಗಳನ್ನು ಅವು ಬಿಡುಗಡೆಯಾದ ಕ್ರಮದಲ್ಲಿಯೇ ಈಚೆಗೆ ಮತ್ತೊಮ್ಮೆ ನೋಡಿದೆ. 2006ರ 'ಕ್ಯಾಸಿನೊ ರಾಯಲ್' ಇಂದಿಗೂ ಹೊಚ್ಚ ಹೊಸದಾಗಿ ಕಾಣುತ್ತದೆ. ಆದರೆ 2021ರ 'ನೋ ಟೈಮ್ ಟು ಡೈ' ಮುಗಿಯುವ ಹೊತ್ತಿಗೆ, ಹಿಂದಿನ ನಾಲ್ಕು ಚಿತ್ರಗಳ ಬಾಕಿ ಲೆಕ್ಕವನ್ನು ಚುಕ್ತಾ ಮಾಡುವುದೇ ಕಥೆಯ ಮುಖ್ಯ ಕೆಲಸವಾಗಿಬಿಟ್ಟಿದೆ ಎನ್ನಿಸಿತು.

1962ರಿಂದ 2002ರವರೆಗೆ ಈ ಸರಣಿಯಲ್ಲಿ ಐವರು ನಟರು ಬದಲಾದರೂ ಬಾಂಡ್ ಎಂಬ ಮನುಷ್ಯ ಮಾತ್ರ ಒಬ್ಬನೇ ಎಂದು ಪ್ರೇಕ್ಷಕರು ಒಪ್ಪಿಕೊಂಡು ಬಂದಿದ್ದರು. ಅವನ ವಯಸ್ಸೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. 2002ರ 'ಡೈ ಅನದರ್ ಡೇ' ಚಿತ್ರದಲ್ಲಿ ಕಣ್ಣಿಗೆ ಕಾಣದ ಕಾರು ಮಂಜುಗಡ್ಡೆಯ ಮೇಲೆ ಓಡಾಡಿದ ನಂತರ ನಿರ್ಮಾಪಕರು ಸ್ಲೇಟನ್ನು ಒರೆಸಿ, ಕೊಲ್ಲುವ ಪರವಾನಗಿ ಈಗಷ್ಟೇ ದೊರೆತ ಬಾಂಡನನ್ನು ನಮ್ಮ ಮುಂದೆ ನಿಲ್ಲಿಸಿದರು. ಆ ಬಾಂಡ್ ಐದನೆಯ ಚಿತ್ರದಲ್ಲಿ ಸತ್ತೂ ಹೋದ.

2025ರ ಫೆಬ್ರವರಿಯಲ್ಲಿ ಸರಣಿಯ ಸೃಜನಶೀಲ ನಿಯಂತ್ರಣ ಅದರ ನಿರ್ಮಾಪಕರಾದ ಬ್ರಾಕಲಿ ಕುಟುಂಬದ ಕೈಯಿಂದ ಅಮೆಜಾನ್ ಎಂಜಿಎಂ ಸಂಸ್ಥೆಗೆ ಹೋಯಿತು. ಮುಂದಿನ ಚಿತ್ರಕ್ಕೆ ಡೆನಿ ವಿಲ್‌ನವ್ ನಿರ್ದೇಶಕರೆಂದೂ, ಸ್ಟೀವನ್ ನೈಟ್ ಚಿತ್ರಕಥೆ ಬರೆಯುತ್ತಾರೆಂದೂ ಅದೇ ವರ್ಷ ಪ್ರಕಟವಾಯಿತು. ನನ್ನ ಪ್ರಶ್ನೆ ಇಷ್ಟು: ಕ್ರೇಗ್ ಅವಧಿಯ ಕೊನೆಯ ಭಾರಕ್ಕೆ ಮೊದಲಿನಿಂದ ಆರಂಭಿಸಿದ್ದೇ ಕಾರಣವೇ, ಅಥವಾ ಆಮೇಲೆ ಅದರ ಮೇಲೆ ಹೇರಿದ್ದು ಕಾರಣವೇ? ಮುಂದಿನ ಚಿತ್ರವೂ ಯುವಕ ಬಾಂಡನ ಮೊದಲ ಕೊಲೆಯಿಂದಲೇ ಶುರುವಾಗಬೇಕೆಂದು ನೀವು ಬಯಸುತ್ತೀರಾ?

ಕತ್ತರಿಕೋಣೆ:

ಆರಂಭಿಸಿದ್ದು ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. 'ಕ್ಯಾಸಿನೊ ರಾಯಲ್' ಗೆದ್ದದ್ದು ಬಾಂಡನ ಬಾಲ್ಯವನ್ನೋ ತರಬೇತಿಯನ್ನೋ ತೋರಿಸಿದ್ದರಿಂದಲ್ಲ. ಆ ಚಿತ್ರದಲ್ಲಿ ಅವುಗಳಿಗೆ ಹೆಚ್ಚು ಜಾಗವೇ ಇಲ್ಲ. ಪ್ರೇಕ್ಷಕ ಮೊದಲೇ ನಿರೀಕ್ಷಿಸಿ ಕುಳಿತಿದ್ದನ್ನು ನಿರ್ದೇಶಕ ಮಾರ್ಟಿನ್ ಕ್ಯಾಂಬೆಲ್ ಒಂದೊಂದಾಗಿ ತಡೆಹಿಡಿದರು, ಗೆದ್ದದ್ದು ಅದರಿಂದ. ಬಂದೂಕಿನ ನಳಿಗೆಯ ಮೂಲಕ ಬಾಂಡ್ ಗುಂಡು ಹಾರಿಸುವ ಪ್ರಸಿದ್ಧ ಚಿತ್ರಿಕೆ ಎಂದಿನಂತೆ ಮೊದಲ ಕ್ಷಣದಲ್ಲಿ ಬರದೆ, ಕಪ್ಪುಬಿಳುಪು ಪೀಠಿಕೆಯ ಸ್ನಾನಗೃಹದ ಕೊಲೆಯೊಳಗಿಂದ ಹುಟ್ಟಿಕೊಳ್ಳುತ್ತದೆ. ಉಪಕರಣಗಳನ್ನು ಕೊಡುವ ಕ್ಯೂ ಇಲ್ಲ, ಕಚೇರಿಯ ಕಾರ್ಯದರ್ಶಿ ಮನಿಪೆನ್ನಿಯೂ ಇಲ್ಲ. ಮಾರ್ಟೀನಿಯನ್ನು ಹೇಗೆ ಬೆರೆಸಬೇಕೆಂದು ಪರಿಚಾರಕ ಕೇಳಿದರೆ ಬಾಂಡ್ ಸಿಡುಕುತ್ತಾನೆ. ಸರಣಿಯ ಮೂಲ ಸಂಗೀತ ಪೂರ್ಣವಾಗಿ ಮೊಳಗುವುದು, ನಾಯಕ ತನ್ನ ಹೆಸರನ್ನು ಆ ಪರಿಚಿತ ಧಾಟಿಯಲ್ಲಿ ಹೇಳುವ ಕಟ್ಟಕಡೆಯ ದೃಶ್ಯದ ನಂತರವೇ. ಎರಡು ಗಂಟೆಗೂ ಮಿಕ್ಕಿ ಕಾಯಿಸಿದ ಮೇಲೆ ಬರುವ ಆ ಒಂದು ಸಾಲಿಗೆ ಅಷ್ಟು ತೂಕ ಬಂದದ್ದು ಕಾಯಿಸಿದ್ದರಿಂದಲೇ.

ಎರಡು ದೃಶ್ಯಗಳನ್ನು ಹತ್ತಿರದಿಂದ ಗಮನಿಸಿ. ಮಡಗಾಸ್ಕರ್‌ನ ಬೆನ್ನಟ್ಟುವ ದೃಶ್ಯದಲ್ಲಿ ಓಡುವವನು ಸೆಬಾಸ್ಟಿಯನ್ ಫೂಕಾನ್, ಅಂದರೆ ಗೋಡೆ ಕಂಬಗಳನ್ನು ಚಿಮ್ಮಿ ದಾಟುವ ಓಟದ ಕಲೆಯಲ್ಲಿ ನಿಜವಾಗಿಯೂ ಹೆಸರು ಮಾಡಿದವರು. ಅವರು ಗೋಡೆಯ ಮೇಲ್ಭಾಗದ ಕಿರಿದಾದ ಕಿಂಡಿಯಲ್ಲಿ ಮೀನಿನಂತೆ ನುಸುಳಿ ಆಚೆ ಹೋದರೆ, ಹಿಂದೆ ಬರುವ ಬಾಂಡ್ ಅದೇ ಗೋಡೆಯನ್ನು ಒಡೆದುಕೊಂಡು ಮೈಮೇಲೆಲ್ಲ ಪುಡಿ ಸುರಿಸುತ್ತ ಹೊರಬರುತ್ತಾನೆ. ಒಂದೇ ಒಂದು ಮಾತಿಲ್ಲದೆ ಇವನು ಎಂಥವನು ಎಂಬುದು ನಮಗೆ ತಿಳಿಯುತ್ತದೆ: ಹಠವಿದೆ, ನಯವಿಲ್ಲ. ಇನ್ನೊಂದು, ಹೋಟೆಲಿನ ಮೆಟ್ಟಿಲುಗಳ ಮೇಲಿನ ಹೊಡೆದಾಟದ ನಂತರದ್ದು. ನಾಯಕಿ ವೆಸ್ಪರ್ ಉಟ್ಟ ಬಟ್ಟೆಯಲ್ಲೇ ಷವರಿನ ಕೆಳಗೆ ಕುಸಿದು ಕುಳಿತಿದ್ದಾಳೆ. ಬಾಂಡ್ ಬಂದು ಪಕ್ಕದಲ್ಲಿ ಕುಳಿತು, ಅವಳಿಗೆ ಚಳಿಯಾಗುತ್ತಿದೆಯೇ ಎಂದು ವಿಚಾರಿಸಿ, ನೀರನ್ನು ಸ್ವಲ್ಪ ಬಿಸಿ ಮಾಡುತ್ತಾನೆ. ಅದಕ್ಕೂ ಹಿಂದಿನ ಇಪ್ಪತ್ತು ಚಿತ್ರಗಳಲ್ಲಿ ಕೊಲೆಯ ನಂತರ ಸಾಮಾನ್ಯವಾಗಿ ಒಂದು ಚಟಾಕಿ ಹಾರುತ್ತಿತ್ತು. ಇಲ್ಲಿ ಅದರ ಬದಲಿಗೆ ಒಂದು ನಲ್ಲಿ ತಿರುಗುತ್ತದೆ. ಅಷ್ಟೇ.

ಹೊಂಬಣ್ಣದ ಕೂದಲಿನವನು ಬಾಂಡ್ ಹೇಗಾದಾನು ಎಂದು 2005ರಲ್ಲಿ ಎದ್ದ ಗದ್ದಲವನ್ನು, ಬಹಿಷ್ಕಾರದ ಕರೆಗಳನ್ನು ಈ ಚಿತ್ರ ವಾದದಿಂದ ಗೆಲ್ಲಲಿಲ್ಲ, ಇಂಥ ವಿವರಗಳಿಂದ ಗೆದ್ದಿತು. ಆದ್ದರಿಂದ ಮುಂದಿನವರು ಮೊದಲಿನಿಂದ ಆರಂಭಿಸಲಿ, ನನ್ನ ತಕರಾರಿಲ್ಲ. ಆದರೆ ಈ ಸಲ ತಡೆಹಿಡಿಯುವುದು ಏನನ್ನು ಎಂದು ಅವರು ಹೊಸದಾಗಿ ಯೋಚಿಸಬೇಕು, ಏಕೆಂದರೆ ಅದೇ ಯುಕ್ತಿ ಎರಡನೆಯ ಸಲ ನಡೆಯುವುದಿಲ್ಲ.

ಹಳೆಯರೀಲು:

'ಕತ್ತರಿಕೋಣೆ'ಯವರು ಬರೆದದ್ದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ, ಆದರೆ ತೀರ್ಮಾನವನ್ನು ಒಪ್ಪಲಾರೆ. ಹೊಸತನಕ್ಕೆ ಮೊದಲಿನಿಂದ ಆರಂಭಿಸುವುದು ಅನಿವಾರ್ಯವಲ್ಲ ಎಂಬುದಕ್ಕೆ ಅದೇ ಕ್ಯಾಂಬೆಲ್ ನಿರ್ದೇಶಿಸಿದ ಇನ್ನೊಂದು ಚಿತ್ರವೇ ಸಾಕ್ಷಿ. 1989ರ ನಂತರ ಆರು ವರ್ಷ ಬಾಂಡ್ ಚಿತ್ರಗಳೇ ಬರಲಿಲ್ಲ. ಅಷ್ಟರಲ್ಲಿ ಬರ್ಲಿನ್ ಗೋಡೆ ಉರುಳಿತ್ತು, ಸೋವಿಯತ್ ಒಕ್ಕೂಟ ಇಲ್ಲವಾಗಿತ್ತು, ಈ ಗೂಢಚಾರ ಇನ್ನು ಯಾರಿಗೆ ಬೇಕು ಎಂಬ ಪ್ರಶ್ನೆ ಎದ್ದಿತ್ತು. 1995ರ 'ಗೋಲ್ಡನ್‌ಐ' ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳದೆ, ಅದನ್ನು ನೇರವಾಗಿ ಜೂಡಿ ಡೆಂಚ್ ಅವರ ಎಂ ಪಾತ್ರದ ಬಾಯಲ್ಲಿಯೇ ಇಟ್ಟಿತು. ಬಾಂಡ್ ಶೀತಲ ಸಮರದ ಪಳೆಯುಳಿಕೆ ಎಂದು ಮೇಲಧಿಕಾರಿಯೇ ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ಬಾಂಡ್ ಹಳಬನಾಗಿಯೇ ಉಳಿದ, ಸುತ್ತಲಿನ ಲೋಕ ಹೊಸದಾಯಿತು; ಚಿತ್ರ ಗೆದ್ದಿತು. (ತಮಾಷೆಯೆಂದರೆ, 2006ರಲ್ಲಿ ಎಲ್ಲವನ್ನೂ ಒರೆಸಿದಾಗಲೂ ಡೆಂಚ್ ಅವರನ್ನು ಮಾತ್ರ ಉಳಿಸಿಕೊಂಡರು. ಹನ್ನೊಂದು ವರ್ಷ ಹಿಂದೆ ಶೀತಲ ಸಮರವನ್ನು ಹಂಗಿಸಿದ್ದ ಎಂ, ಅಲ್ಲಿ ಆ ಕಾಲಕ್ಕಾಗಿ ಹಂಬಲಿಸುತ್ತಾರೆ.)

ಹಳೆಯ ಪದ್ಧತಿಯಲ್ಲಿ ನೆನಪುಗಳು ಇರಲಿಲ್ಲವೆಂದಲ್ಲ. 1969ರ ಚಿತ್ರದಲ್ಲಿ ಜಾರ್ಜ್ ಲ್ಯಾಸೆನ್‌ಬಿಯ ಬಾಂಡ್ ಮದುವೆಯಾದ ದಿನವೇ ಹೆಂಡತಿ ಟ್ರೇಸಿಯನ್ನು ಕಳೆದುಕೊಳ್ಳುತ್ತಾನೆ. 1981ರಲ್ಲಿ ರೋಜರ್ ಮೂರ್‌ನ ಬಾಂಡ್ ಅವಳ ಸಮಾಧಿಗೆ ಹೂವಿಟ್ಟು ಬರುತ್ತಾನೆ. ನಟ ಬದಲಾಗಿದ್ದರೂ ದುಃಖ ಮುಂದುವರಿದಿದೆ ಎಂದು ಹೇಳಲು ಅಷ್ಟು ಸಾಕಾಗಿತ್ತು. ಅದನ್ನು ಐದು ಚಿತ್ರಗಳ ಉದ್ದಕ್ಕೆ ಎಳೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಮೊದಲಿನಿಂದ ಆರಂಭಿಸಿದರೆ ಆಗುವ ತೊಂದರೆಯೆಂದರೆ, ಪ್ರೇಕ್ಷಕ ಲೆಕ್ಕವಿಡಲು ತೊಡಗುತ್ತಾನೆ. 2006ರಲ್ಲಿ ಬಾಂಡ್ ಬಹಾಮಾಸ್‌ನಲ್ಲಿ ಇಸ್ಪೀಟಾಡಿ ಹಳೆಯ ಆಸ್ಟನ್ ಮಾರ್ಟಿನ್ ಡಿಬಿ5 ಕಾರನ್ನು ಗೆದ್ದ. ಅದರಲ್ಲಿ ಚಾಲಕನ ಸ್ಥಾನ ಎಡಗಡೆಗೆ ಇತ್ತು. 2012ರ 'ಸ್ಕೈಫಾಲ್'ನಲ್ಲಿ ಉಗ್ರಾಣದಿಂದ ಹೊರಬರುವ ಡಿಬಿ5ರಲ್ಲಿ ಚಾಲಕನ ಸ್ಥಾನ ಬಲಗಡೆಗಿದೆ, ದೀಪಗಳ ಹಿಂದೆ ಮಷಿನ್ ಗನ್ ಇದೆ, ಸವಾರನನ್ನು ಹಾರಿಸುವ ಆಸನವೂ ಇದೆ. ಅಂದರೆ ಇದು 1964ರ ಶಾನ್ ಕಾನರಿಯ ಕಾರು. ಎರಡು ಚಿತ್ರಗಳ ಹಿಂದೆ ಇನ್ನೂ ಎಳಸು ಎನ್ನಿಸಿಕೊಂಡಿದ್ದವನು ಮೂರನೆಯದರಲ್ಲಿ ಗುರಿ ತಪ್ಪುವ, ನಿವೃತ್ತಿಯ ಅಂಚಿನ ಮುದುಕನಾಗಿದ್ದಾನೆ. ಹಳೆಯ ಸರಣಿಯಲ್ಲಾಗಿದ್ದರೆ ಇವನ್ನು ನಕ್ಕು ಬಿಟ್ಟುಬಿಡುತ್ತಿದ್ದೆವು. ಲೆಕ್ಕವಿಡಿ ಎಂದು ಅವರೇ ಕಲಿಸಿದ ಮೇಲೆ ಬಿಡುವುದು ಹೇಗೆ?

ಮೂರನೇಆಟ:

'ಸ್ಕೈಫಾಲ್' ಬಗ್ಗೆ ಒಂದು ಮಾತು. ಕಾರಿನ ತಕರಾರು ನ್ಯಾಯವಾದದ್ದೇ, ಆದರೂ ರೋಜರ್ ಡೀಕಿನ್ಸ್ ಅವರ ಛಾಯಾಗ್ರಹಣದಲ್ಲಿ ಷಾಂಘೈ ಗೋಪುರದ ಆ ಹೊಡೆದಾಟವನ್ನು, ಹಿಂದೆ ನೀಲಿ ಜಾಹೀರಾತಿನ ಬೆಳಕು ತೇಲುತ್ತಿರಲು ಎರಡು ಕಪ್ಪು ನೆರಳುಗಳು ಮಾತ್ರ ಸೆಣಸುವುದನ್ನು, ನೋಡುವಾಗ ಯಾವ ಪ್ರೇಕ್ಷಕನೂ ಲೆಕ್ಕ ಇಟ್ಟಿರಲಿಕ್ಕಿಲ್ಲ. ಆ ಚಿತ್ರ ಲೋಕದಾದ್ಯಂತ 110 ಕೋಟಿ ಡಾಲರಿಗೂ ಹೆಚ್ಚು ಗಳಿಸಿದ್ದು ಸುಮ್ಮನೆ ಅಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಎಲ್ಲರೂ ಬೈಯುವ 2008ರ 'ಕ್ವಾಂಟಮ್ ಆಫ್ ಸೋಲೆಸ್' ಬಗ್ಗೆ. ಹಾಲಿವುಡ್ ಬರಹಗಾರರ ಮುಷ್ಕರದ ಕಾರಣ ಚಿತ್ರಕಥೆ ಅರ್ಧಂಬರ್ಧವಾಗಿದ್ದಾಗಲೇ ಚಿತ್ರೀಕರಣ ನಡೆಯಿತೆಂದೂ, ತಾನೂ ನಿರ್ದೇಶಕರೂ ಸೇರಿ ದೃಶ್ಯಗಳನ್ನು ತಿದ್ದಿಕೊಂಡೆವೆಂದೂ ಕ್ರೇಗ್ ಅವರೇ ಹೇಳಿದ್ದಾರೆ. ಸಂಕಲನವಂತೂ ಇನ್ನೊಂದು ಗೂಢಚಾರ ಸರಣಿಯಾದ ಬೋರ್ನ್ ಚಿತ್ರಗಳ ನೇರ ಅನುಕರಣೆ; ಮೊದಲ ಕಾರಿನ ದೃಶ್ಯದಲ್ಲಿ ಯಾರ ಕಾರು ಯಾರದಕ್ಕೆ ಗುದ್ದಿತೆಂದು ಗೊತ್ತಾಗುವ ಮೊದಲೇ ದೃಶ್ಯ ಮುಗಿದಿರುತ್ತದೆ. ಇಷ್ಟಾದರೂ ಹಿಂದಿನ ಕಥೆಯನ್ನು ಮುಂದುವರಿಸಬೇಕಾದ ರೀತಿ ಯಾವುದೆಂದು ತೋರಿಸಿದ್ದು ಈ ಚಿತ್ರವೇ ಎನ್ನುತ್ತೇನೆ. ಹಿಂದಿನ ಚಿತ್ರ ಮುಗಿದ ಸ್ವಲ್ಪ ಹೊತ್ತಿಗೇ ಕಥೆ ಶುರುವಾಗುತ್ತದೆ, ವೆಸ್ಪರಳ ಸಾವಿನ ಸಿಟ್ಟು ಹೊಟ್ಟೆಯೊಳಗೇ ಉಳಿದಿರುತ್ತದೆ, 106 ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. 'ನೋ ಟೈಮ್ ಟು ಡೈ'ಗೆ ಬೇಕಾದದ್ದು 163 ನಿಮಿಷ. ಅದರಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗ, ಹಿಂದಿನ ಯಾವ ಕಥೆಗೂ ಸೇರದ ಪಲೋಮ ಎಂಬ ಹೊಸ ಗೂಢಚಾರಿಣಿ ಬಂದು ಹೋಗುವ ಕ್ಯೂಬಾದ ಪ್ರಸಂಗ.

ಹಿಂದಿನಸಾಲು:

ಎಲ್ಲರಿಗೂ ಧನ್ಯವಾದಗಳು. 2015ರ 'ಸ್ಪೆಕ್ಟರ್' ಚಿತ್ರವನ್ನು ಯಾರೂ ಮುಟ್ಟದಿರುವುದನ್ನು ಗಮನಿಸಿದೆ. ನನಗೆ ಭಾರ ಶುರುವಾದದ್ದು ಅಲ್ಲಿಂದಲೇ. ಅಲ್ಲಿಯವರೆಗೆ ಬಿಡಿಬಿಡಿಯಾಗಿದ್ದ ಖಳನಾಯಕರನ್ನೆಲ್ಲ ಒಬ್ಬನ ಕೆಳಗೆ ತಂದು ನಿಲ್ಲಿಸುವ ಅಗತ್ಯ ಏನಿತ್ತು?

ಕತ್ತರಿಕೋಣೆ:

ಅದಕ್ಕೆ ಕಥೆಗಿಂತ ಕೋರ್ಟು ಕಾರಣ ಎನ್ನಬಹುದು. ಸ್ಪೆಕ್ಟರ್ ಎಂಬ ಅಪರಾಧಿ ಸಂಘಟನೆ ಮತ್ತು ಅದರ ಮುಖ್ಯಸ್ಥ ಬ್ಲೋಫೆಲ್ಡ್ ಮೊದಲು ಕಾಣಿಸಿಕೊಂಡದ್ದು ಬಾಂಡನ ಸೃಷ್ಟಿಕರ್ತ ಇಯಾನ್ ಫ್ಲೆಮಿಂಗ್ ಅವರ 'ಥಂಡರ್‌ಬಾಲ್' ಕಾದಂಬರಿಯಲ್ಲಿ. ಅದು ತಾವೂ ಸೇರಿ ಬರೆದ ಚಿತ್ರಕಥೆಯನ್ನು ಆಧರಿಸಿದೆ ಎಂದು ಕೆವಿನ್ ಮೆಕ್‌ಕ್ಲೋರಿ ದಾವೆ ಹೂಡಿದರು, 1963ರಲ್ಲಿ ಆ ಕಥೆಯ ಚಿತ್ರದ ಹಕ್ಕು ಅವರ ಪಾಲಾಯಿತು. ಆಮೇಲೆ ದಶಕಗಳ ಕಾಲ ಜಗಳ ನಡೆದು, ಅಂತಿಮವಾಗಿ ಆ ಹಕ್ಕುಗಳು ಬಾಂಡ್ ನಿರ್ಮಾಪಕರ ಕೈಸೇರಿದ್ದು 2013ರಲ್ಲಿ, ಅಂದರೆ ಕ್ರೇಗ್ ಮೂರು ಚಿತ್ರ ಮುಗಿಸಿದ ಮೇಲೆ. ಅಷ್ಟರಲ್ಲಿ ಕ್ವಾಂಟಮ್ ಎಂಬ ಬೇರೊಂದು ಗುಪ್ತ ಸಂಘಟನೆ ಕಥೆಯೊಳಗೆ ಬಂದಾಗಿತ್ತು. 2015ರಲ್ಲಿ ಬ್ಲೋಫೆಲ್ಡ್ ಬಂದು, ಕ್ವಾಂಟಮ್ ತನ್ನದೇ, 'ಸ್ಕೈಫಾಲ್'ನ ಖಳನಾಯಕ ಸಿಲ್ವಾನೂ ತನ್ನವನೇ, ನಿನ್ನ ನೋವುಗಳಿಗೆಲ್ಲ ಕರ್ತೃ ನಾನೇ ಎಂದುಬಿಟ್ಟ. ಅದು ಸಾಲದೆಂಬಂತೆ, ಅನಾಥ ಬಾಂಡನನ್ನು ಸಾಕಿದವರ ಮಗನೇ ಈ ಬ್ಲೋಫೆಲ್ಡ್ ಎಂಬ ಬಾದರಾಯಣ ಸಂಬಂಧ ಬೇರೆ.

ಇದರಿಂದ ಕೆಟ್ಟದ್ದು 'ಸ್ಪೆಕ್ಟರ್' ಒಂದೇ ಆಗಿದ್ದರೆ ಸಹಿಸಬಹುದಿತ್ತು. ವೆಸ್ಪರ್ ಬಾಂಡನಿಗೆ ದ್ರೋಹ ಬಗೆದದ್ದು ತನ್ನ ಪ್ರಿಯಕರನನ್ನು ಉಳಿಸಿಕೊಳ್ಳಲು. ಸಿಲ್ವಾ ಎಂ ಮೇಲೆ ತಿರುಗಿಬಿದ್ದದ್ದು ಆಕೆ ತನ್ನನ್ನು ಶತ್ರುಗಳಿಗೆ ಒಪ್ಪಿಸಿದರೆಂದು. ಎರಡೂ ಮನುಷ್ಯರ ಕಾರಣಗಳು. ಹಿಂದೆ ಇನ್ನೊಬ್ಬ ಕುಳಿತು ದಾರ ಎಳೆಯುತ್ತಿದ್ದ ಎಂದೊಡನೆ ಆ ಇಬ್ಬರೂ ಚಿಕ್ಕವರಾಗುತ್ತಾರೆ. ಹಳೆಯ ಒಳ್ಳೆಯ ಚಿತ್ರಗಳ ಬೆಲೆಯನ್ನು ಹಿಂದಿನಿಂದ ಇಳಿಸಿದ ಇಂಥ ತಿರುವು ಈ ಸರಣಿಯಲ್ಲಿ ಇನ್ನೊಂದಿಲ್ಲ.

ಹಳೆಯರೀಲು:

ಹಾಗಾದರೆ ನಮ್ಮಿಬ್ಬರ ನಡುವೆ ಇರುವ ಭಿನ್ನಾಭಿಪ್ರಾಯ ಚಿಕ್ಕದೇ. ಬೇರೆ ಸರಣಿಗಳನ್ನೂ ನೋಡೋಣ. ಅಮೆರಿಕದ ಗೂಢಚಾರ ಜಾಕ್ ರಯನ್ ಪಾತ್ರವನ್ನು 2002ರಲ್ಲಿ ಬೆನ್ ಅಫ್ಲೆಕ್ ಮೂಲಕ ಎಳೆಯನನ್ನಾಗಿಸಿದರು, 2014ರಲ್ಲಿ ಕ್ರಿಸ್ ಪೈನ್ ಮೂಲಕ ಮತ್ತೆ ಮೊದಲಿನಿಂದ ಹೇಳಿದರು. ಎರಡೂ ಒಂದೊಂದು ಚಿತ್ರಕ್ಕೇ ನಿಂತುಹೋದವು. ಪ್ರತಿ ಸಲವೂ ನಾಯಕ ಗೂಢಚಾರನಾಗುವುದನ್ನು ನೋಡುವುದರಲ್ಲೇ ಚಿತ್ರ ಮುಗಿದರೆ, ಅವನು ಗೂಢಚಾರನಾಗಿರುವುದನ್ನು ನೋಡುವುದು ಯಾವಾಗ? ಅತ್ತ 'ಮಿಷನ್: ಇಂಪಾಸಿಬಲ್' 1996ರಿಂದ ಒಮ್ಮೆಯೂ ಹಿಂದಕ್ಕೆ ಹೋಗದೆ, ಮೊದಲ ಐದು ಚಿತ್ರಗಳಿಗೆ ಐವರು ನಿರ್ದೇಶಕರನ್ನು ತಂದು, ಪ್ರತಿಯೊಂದಕ್ಕೂ ಬೇರೆಯದೇ ಗುಣವನ್ನು ಕೊಟ್ಟಿತು.

ಬಾಂಡ್ ಸತ್ತಿದ್ದಾನೆ, ಆದ್ದರಿಂದ ಹೊಸ ಬಾಂಡ್ ಬೇರೊಬ್ಬನೇ ಆಗಬೇಕು, ಇದರಲ್ಲಿ ಆಯ್ಕೆಯಿಲ್ಲ. ಆದರೆ ಬೇರೊಬ್ಬ ಎಂದರೆ ಎಳೆಯ ಎಂದೇ ಅರ್ಥವಾಗಬೇಕಿಲ್ಲ. ಕೆಲಸದಲ್ಲಿ ಹತ್ತು ವರ್ಷ ಪಳಗಿದ, ಹಿಂದಿನದನ್ನು ಯಾರಿಗೂ ವಿವರಿಸದ ಒಬ್ಬನನ್ನು ವಿಲ್‌ನವ್ ತೆಗೆದುಕೊಳ್ಳಲಿ. ಮೊದಲ ಕಾಲು ಗಂಟೆಯೊಳಗೆ ಎಂ ಅವನ ಕೈಗೆ ಒಂದು ಕಡತ ಕೊಟ್ಟು ಕಳಿಸಲಿ, ಖಳನಾಯಕ ಅವನಿಗೆ ಯಾವ ರೀತಿಯಿಂದಲೂ ನೆಂಟನಾಗದಿರಲಿ, ಎರಡೂಕಾಲು ಗಂಟೆಯಲ್ಲಿ ಕಥೆ ಮುಗಿಯಲಿ.

ಮೂರನೇಆಟ:

ಎರಡು ಗಂಟೆ ಸಾಕು. ಉಳಿದದ್ದಕ್ಕೆ ನನ್ನ ಒಪ್ಪಿಗೆಯಿದೆ.