ಸಿಎಸ್ ಸೀಟು ಸಿಕ್ಕಿದೆ, ಕಾಲೇಜು ನೋಡಲು ಹೋದಾಗ ಏನು ನೋಡಬೇಕು? ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ತುಮಕೂರು ಜಿಲ್ಲೆಯ ಪೋಷಕರೇ, ಸಿಇಟಿ ಸೀಟು ಹಂಚಿಕೆ ಆಗಿದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ 18 ವರ್ಷದಿಂದ ಕಂಪ್ಯೂಟರ್ ಸೈನ್ಸ್ (ಸಿಎಸ್) ಪಾಠ ಮಾಡುತ್ತಿರುವ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಗುಬ್ಬಿಯ ತಂದೆ: ನಮಸ್ತೆ ಮೇಡಂ. ಭಾನುವಾರ ಅಂಗಡಿ ರಜಾ. ಅವತ್ತು ಕಾಲೇಜು ನೋಡಲು ಹೋಗಬಹುದಾ?

ಮೇಡಂ: ಬೇಡ ಸರ್. ಭಾನುವಾರ ಕಟ್ಟಡ ಮಾತ್ರ ಕಾಣುತ್ತದೆ. ವಾರದ ದಿನ ಮಧ್ಯಾಹ್ನ, ಲ್ಯಾಬ್ ನಡೆಯುವ ಹೊತ್ತಿಗೆ ಹೋಗಿ.

ತಿಪಟೂರಿನ ತಾಯಿ: ಚಾಯ್ಸ್ 2 ಒತ್ತಿದರೆ ಸಿಕ್ಕಿರುವ ಸೀಟು ಹೋಗುತ್ತದೆ ಅಂತ ಮೆಸೇಜ್ ಬಂದಿದೆ. ನಿಜವಾ?

ಮೇಡಂ: ಸುಳ್ಳು. ಚಾಯ್ಸ್ 2 ಅಂದರೆ ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೂ ಕಾಯುವುದು. ನಿಮ್ಮ ಪಟ್ಟಿಯಲ್ಲಿ ಇದಕ್ಕಿಂತ ಮೇಲೆ ಹಾಕಿದ ಕಾಲೇಜು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಮಾತ್ರ ಈ ಸೀಟು ಹೋಗುತ್ತದೆ. ಸಿಗದಿದ್ದರೆ ಇದೇ ಉಳಿಯುತ್ತದೆ.

ಕೊರಟಗೆರೆಯಿಂದ: ಮೇಡಂ, ಸಿಎಸ್‌ಗೆ ಯಾವ ಲ್ಯಾಪ್‌ಟಾಪ್ ತಗೊಳ್ಳಬೇಕು?

ಪಾವಗಡದ ತಂದೆ: ಮಗಳು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಈಗ ಸಿಎಸ್ ಸಿಕ್ಕಿದೆ. ಸೋಮವಾರ ಕಾಲೇಜಿಗೆ ಹೋಗಿದ್ದೆವು. ಅಲ್ಲಿ ಎಲ್ಲರದೂ ಇಂಗ್ಲಿಷ್. ಲ್ಯಾಬ್ ಬಾಗಿಲಲ್ಲೇ ನಿಂತುಬಿಟ್ಟಳು, ಒಳಗೆ ಬರಲೇ ಇಲ್ಲ. ಬಸ್ಸಿನಲ್ಲಿ ಮಾತೂ ಇಲ್ಲ. ಬಿಎಸ್ಸಿ ಸಾಕು, ಸೀಟು ಬಿಟ್ಟುಬಿಡೋಣ ಅನ್ನುತ್ತಿದ್ದಾಳೆ. ಬಲವಂತ ಮಾಡಲು ಮನಸ್ಸಿಲ್ಲ.

ಮೇಡಂ: ಅಣ್ಣ, ದಯವಿಟ್ಟು ಸೀಟು ಬಿಡಬೇಡಿ. ಹಾಗೆ ಬಾಗಿಲಲ್ಲಿ ನಿಲ್ಲುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಕಾಲೇಜಿನವರೇ ನಡೆಸುವ ಮೊದಲ ಪರೀಕ್ಷೆಯಲ್ಲಿ, ಅಂದರೆ ಇಂಟರ್ನಲ್ಸ್‌ನಲ್ಲಿ, ಅವರಿಗೆ ಅಂಕ ಕಮ್ಮಿ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡುವಾಗ ಇರುವ ಮೂಲ ಪದಗಳೇ 32. ಇಫ್, ಎಲ್ಸ್, ಫಾರ್, ವೈಲ್ ಅಂಥವು. ಪಿಯುಸಿ ಗಣಿತ ಪಾಸಾದ ಹುಡುಗಿಗೆ ಅದು ಹೊರೆ ಅಲ್ಲ. ಕಷ್ಟ ಆಗುವುದು ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ. ಉತ್ತರ ಗೊತ್ತಿರುತ್ತದೆ, ಬಾಯಿಗೆ ಬರುವುದಿಲ್ಲ. ಅದಕ್ಕೆ ಆಸರೆ ಕೊಡುವ ಮೇಷ್ಟ್ರು ಆ ಕಾಲೇಜಿನಲ್ಲಿ ಇದ್ದಾರಾ ಅಂತ ನೀವು ನೋಡಬೇಕು.

ಇನ್ನೊಂದು ಸಲ ಹೋಗಿ. ಈ ಸಲ ಆಫೀಸಿಗೆ ಬೇಡ. ಮೊದಲ ವರ್ಷದ ಮಕ್ಕಳ ಸಮಯ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅನ್ನುವ ಮೂಲ ವಿಷಯಗಳಲ್ಲೇ ಕಳೆಯುತ್ತದೆ, ಅವರಿಗೆ ಡಿಪಾರ್ಟ್‌ಮೆಂಟ್ ಅಷ್ಟಾಗಿ ಗೊತ್ತಿರುವುದಿಲ್ಲ. ಎರಡನೇ ವರ್ಷದ ಹುಡುಗಿಯರನ್ನು ಹುಡುಕಿ, ಕ್ಯಾಂಟೀನ್ ಹತ್ತಿರ ಸಿಗುತ್ತಾರೆ. ಮಗಳೇ ಕೇಳಲಿ, ನೀವು ದೂರ ನಿಲ್ಲಿ. ಡೌಟ್ ಕೇಳಿದರೆ ಕನ್ನಡದಲ್ಲೂ ಹೇಳಿಕೊಡುತ್ತಾರಾ? ಒಂದು ಸಿಸ್ಟಮ್‌ಗೆ ಎಷ್ಟು ಜನ ಕೂರುತ್ತಾರೆ? ಪ್ರೋಗ್ರಾಮ್ ನೀವೇ ಬರೆಯುತ್ತೀರಾ, ಸೀನಿಯರ್ ರೆಕಾರ್ಡ್ ನೋಡಿ ಇಳಿಸುತ್ತೀರಾ?

ಆಮೇಲೆ ಕೇಳಿಕೊಂಡು ಲ್ಯಾಬ್ ಒಳಗೆ ಹೋಗಿ. ಬಾಗಿಲ ಹತ್ತಿರದ ಮೇಜಿನ ಮೇಲೆ ಲಾಗ್ ಬುಕ್ ಇದ್ದರೆ ಕೊನೆಯ ಸಹಿ ಯಾವ ತಾರೀಖಿನದು ನೋಡಿ. ಕೀಬೋರ್ಡ್ ನೋಡಿ. ಅಕ್ಷರ ಸವೆದಿದ್ದರೆ ಮಕ್ಕಳು ಅಲ್ಲಿ ಕೂತು ಕೆಲಸ ಮಾಡಿದ್ದಾರೆ ಅಂತ ಅರ್ಥ. ಎರಡು ವರ್ಷ ಹಳೆಯ ಸಿಸ್ಟಮ್ ಮೇಲೆ ಇನ್ನೂ ಪ್ಲಾಸ್ಟಿಕ್ ಕವರ್ ಇದ್ದರೆ ನನಗೆ ಭಯವಾಗುತ್ತದೆ.

ಶಿರಾದಿಂದ: ಅದೇ ಕಾಲೇಜಿನಲ್ಲಿ ಸಿಎಸ್ಸೂ ಇದೆ, ಎಐ ಎಂಎಲ್ (ಕೃತಕ ಬುದ್ಧಿಮತ್ತೆ) ಬ್ರಾಂಚೂ ಇದೆ. ಕಾಲೇಜಿಗೆ ನ್ಯಾಕ್ ಇದೆಯಂತೆ. ಹಾಗಾದರೆ ಎರಡು ಬ್ರಾಂಚೂ ಒಂದೇ ಅಲ್ವಾ?

ಮೇಡಂ: ನ್ಯಾಕ್ ಇಡೀ ಕಾಲೇಜಿನ ಗುಣಮಟ್ಟ ನೋಡಿ ಕೊಡುವ ಮಾನ್ಯತೆ. ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ ಬೇರೆ ಬೇರೆ, ಅದೂ ಎರಡು ಬ್ಯಾಚ್ ಪಾಸಾಗಿ ಹೋದ ಮೇಲೆ. ಸಿಎಸ್‌ಗೆ ಇದ್ದು ಹೊಸ ಬ್ರಾಂಚಿಗೆ ಇಲ್ಲದೆ ಇರಬಹುದು. ನಿಮ್ಮ ಬ್ರಾಂಚಿನ ಹೆಸರು ಹೇಳಿಯೇ ಕೇಳಿ.

ಕುಣಿಗಲ್‌ನಿಂದ: ಚಾಯ್ಸ್ 2 ಒತ್ತಿದರೆ ಸೀಟು ಹೋಗುತ್ತದಾ ಮೇಡಂ?

ಮೇಡಂ: ಮೇಲೆ ಉತ್ತರಿಸಿದ್ದೇನೆ.

ಬೆಂಗಳೂರಿನಿಂದ ಒಬ್ಬರು: ತುಮಕೂರಿನಲ್ಲಿ ಯಾಕೆ ಓದಿಸುತ್ತೀರಿ? ಬೆಂಗಳೂರು 70 ಕಿ.ಮೀ. ಕಂಪನಿಗಳೆಲ್ಲ ಇಲ್ಲಿವೆ.

ಗುಬ್ಬಿಯ ತಂದೆ: ನಮ್ಮ ತುಮಕೂರಿನ ಎಸ್‌ಐಟಿ ಕಾಲೇಜು ಶುರುವಾಗಿದ್ದು 1963ರಲ್ಲಿ ಸ್ವಾಮಿ. ಅಲ್ಲಿ ಓದಿದವರು ಕೆಲಸ ಮಾಡುತ್ತಿಲ್ಲವಾ?

ಬೆಂಗಳೂರಿನಿಂದ: ನಾನು ಒಳ್ಳೆಯದಕ್ಕೆ ಹೇಳಿದೆ. ರೈಲಿನಲ್ಲಿ ದಿನಾ ಬಂದು ಹೋಗುವವರು ಎಷ್ಟು ಜನ ಇಲ್ಲ?

ತಿಪಟೂರಿನ ತಾಯಿ: ದಿನಾ ನಾಲ್ಕು ಗಂಟೆ ರೈಲಿನಲ್ಲಿ ನಿಂತು ಬಂದ ಮಗು ಯಾವಾಗ ಓದಬೇಕು? ನೀವು ಬಂದು ಬೆಳಗ್ಗೆ ಐದಕ್ಕೆ ಬುತ್ತಿ ಕಟ್ಟುತ್ತೀರಾ?

ಬೆಂಗಳೂರಿನಿಂದ: ಹಾಗಾದರೆ ಇಲ್ಲೇ ಇಟ್ಟುಕೊಳ್ಳಿ. ನನಗೇನು.

ಮಧುಗಿರಿಯಿಂದ: ಫಾರ್ವರ್ಡ್ ಆಗಿ ಬಂದಿದ್ದು: ‘ಸಿಎಸ್ ಕಥೆ ಮುಗಿಯಿತು, ಎಐ ಎಲ್ಲಾ ಮಾಡುತ್ತದೆ. ಸೀಟು ಬಿಟ್ಟು ನಮ್ಮ 21 ದಿನದ ಕೋರ್ಸ್ ಸೇರಿ, ಕೆಲಸ ಗ್ಯಾರಂಟಿ.’ ಲಿಂಕ್ ಕೆಳಗಿದೆ.

ಮೇಡಂ: ಆ ಲಿಂಕ್ ಯಾರೂ ಒತ್ತಬೇಡಿ. ಇವತ್ತು ಇದು ನಾಲ್ಕನೇ ಸಲ. 21 ದಿನದಲ್ಲಿ ಡೇಟಾ ಸ್ಟ್ರಕ್ಚರ್ಸ್ ಅನ್ನುವ ಒಂದು ವಿಷಯ ಕೂಡ ತಲೆಗೆ ಹತ್ತುವುದಿಲ್ಲ. ಕೆಲಸ ಗ್ಯಾರಂಟಿ ಅಂದವರಿಗೆ ದುಡ್ಡು ಕಟ್ಟಬೇಡಿ, ಓಟಿಪಿ ಹೇಳಬೇಡಿ. ಕಷ್ಟಪಟ್ಟು ಪಡೆದ ಸೀಟನ್ನು ಇಂಥ ಮಾತು ಕೇಳಿ ಬಿಟ್ಟವರಿದ್ದಾರೆ. ಅಡ್ಮಿನ್, ದಯವಿಟ್ಟು ಅಳಿಸಿ.

ಮಧುಗಿರಿಯಿಂದ: ಬಂದಿದ್ದನ್ನು ಕಳಿಸಿದೆ ಅಷ್ಟೇ. ಅದಕ್ಕೆ ಇಷ್ಟೊಂದು ಸಿಟ್ಟಾ?

ಮೇಡಂ: ಓದಿ ಕಳಿಸಿ.

ಚಿಕ್ಕನಾಯಕನಹಳ್ಳಿಯಿಂದ: ಒರಿಜಿನಲ್ ಅಂಕಪಟ್ಟಿ ಕಾಲೇಜಿನವರು ಇಟ್ಟುಕೊಳ್ಳಬಹುದಾ? ಚಾಯ್ಸ್ 2 ಬಗ್ಗೆಯೂ ಹೇಳಿ.

ಮೇಡಂ: ಇಟ್ಟುಕೊಳ್ಳುವ ಹಾಗಿಲ್ಲ, ತಾಂತ್ರಿಕ ಕಾಲೇಜುಗಳನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಐಸಿಟಿಇಯ ನಿಯಮ. ನೋಡಿ ವಾಪಸ್ ಕೊಡಬೇಕು. ಎರಡನೆಯದಕ್ಕೆ ಮೇಲೆ ಓದಿ.

ಪಾವಗಡದ ತಂದೆ: ಮೇಡಂ, ನಿಮ್ಮ ಉತ್ತರ ಮಗಳಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು. ಗುರುವಾರ ಹೋಗುತ್ತೇವೆ.

ಮೇಡಂ: ಸೀಟು ಒಪ್ಪಿಕೊಳ್ಳಲು ಕೊನೆಯ ದಿನ ಯಾವುದು ಅಂತ ಸಿಇಟಿ ಸೀಟು ಹಂಚುವ ಕೆಇಎ ವೆಬ್‌ಸೈಟಿನಲ್ಲಿ ಇವತ್ತೇ ನೋಡಿ, ಗುರುವಾರದವರೆಗೆ ಕಾಯಬೇಡಿ. ಹೋಗಿ ಬಂದ ಮೇಲೆ ಲ್ಯಾಬಿನಲ್ಲಿ ಏನು ಕಂಡಳು ಅಂತ ಅವಳ ಕೈಯಲ್ಲೇ ನನಗೆ ಬರೆಸಿ. ಕನ್ನಡದಲ್ಲೇ ಬರೆಯಲಿ.

ಕೊರಟಗೆರೆಯಿಂದ: ಲ್ಯಾಪ್‌ಟಾಪ್ ವಿಷಯ ಯಾರೂ ಹೇಳಲಿಲ್ಲ.